ಕಟ್ಟಿಗೆಯ ದೋಣಿಯ ಮೈಕಲೆ: ತಿದ್ದುವ ಮುನ್ನ ತಿಳಿಯಬೇಕಾದದ್ದು

ಗದಗ ಜಿಲ್ಲೆ ಎಂದೊಡನೆ ನಾಡಿನ ಉಳಿದ ಭಾಗದವರಿಗೆ ನೆನಪಾಗುವುದು ಎರೆಭೂಮಿ, ಒಣಹವೆ, ಗುಡ್ಡದ ಮೇಲಿನ ಗಾಳಿಯಂತ್ರಗಳು, ವೀರನಾರಾಯಣನ ಗುಡಿ. ಈ ಪಟ್ಟಿಯಲ್ಲಿ ದೋಣಿಗೆ ಸ್ಥಾನವಿಲ್ಲ. ಆದರೆ ಜಿಲ್ಲೆಯ ತೆಂಕಣ ಅಂಚು ನೀರಿನದು. ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳು ಮುಗಿಯುವುದೇ ತುಂಗಭದ್ರೆಯ ದಡದಲ್ಲಿ. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ಬ್ಯಾರೇಜು ನಿರ್ಮಾಣವಾದ ಬಳಿಕ, ಹಿಂದೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗಿ ಹರಿಯುತ್ತಿದ್ದ ನದಿ ಇಲ್ಲಿ ಅಗಲವಾದ ಹಿನ್ನೀರಾಗಿ ನಿಲ್ಲುತ್ತದೆ. ನೀರು ನಿಂತಲ್ಲಿ ಮೀನು, ಮೀನು ಇದ್ದಲ್ಲಿ ಬಲೆ, ಬಲೆ ಇದ್ದಲ್ಲಿ ದೋಣಿ.

ಹೊಳೆದಂಡೆಯ ಮನೆಯಂಗಳದಲ್ಲಿ ಸ್ವಂತ ಕೈಯಿಂದಲೋ, ಊರಿನ ಬಡಿಗನ ನೆರವಿನಿಂದಲೋ ಕಟ್ಟಿಕೊಂಡ ಸಣ್ಣ ದೋಣಿ ಕಾರ್ಖಾನೆಯ ಸರಕಿನಂತೆ ನುಣುಪಾಗಿರುವುದಿಲ್ಲ. ಅದರ ಮೈಮೇಲೆ ಗೀರು, ನೆಗ್ಗು, ಮೊಳೆಯ ಸುತ್ತ ಕಪ್ಪುಕಲೆ, ಇಳಿದುಬಂದು ಗಟ್ಟಿಯಾದ ಬಣ್ಣದ ಹನಿ, ಬಿಸಿಲಿಗೆ ಎದ್ದ ಬೊಬ್ಬೆಗಳು ಇದ್ದೇ ಇರುತ್ತವೆ. ಇವುಗಳನ್ನು ತಿದ್ದಬೇಕೆಂಬ ಆಸೆ ಸಹಜವಾದುದು. ಆದರೆ ದೋಣಿಯ ವಿಷಯದಲ್ಲಿ ಅಂದವೆಂಬುದು ಅಪಾಯವನ್ನೂ ಮುಚ್ಚಿಡಬಲ್ಲದು. ಕಪಾಟಿನ ಹಲಗೆ ಕೊಳೆತರೆ ಬಟ್ಟೆ ಹಾಳಾದೀತು. ದೋಣಿಯ ಹಲಗೆ ಕೊಳೆತರೆ ನಡುನೀರಿನಲ್ಲಿ ಜೀವಕ್ಕೆ ಕುತ್ತು. ಆದ್ದರಿಂದ ಯಾವ ಕಲೆ ಬರಿಯ ಕಲೆ, ಯಾವುದು ರೋಗದ ಕುರುಹು ಎಂಬುದನ್ನು ಮೊದಲು ಗುರುತಿಸಬೇಕು. ತಿದ್ದುವ ಕೆಲಸ ಆನಂತರದ್ದು.

ಹರಿಗೋಲಿನ ನೆಲದಲ್ಲಿ ಹಲಗೆಯ ದೋಣಿ

ತುಂಗಭದ್ರೆಯ ಮೂಲ ವಾಹನ ಹರಿಗೋಲು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ನದಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವು ಹದಿನೈದು ಇಪ್ಪತ್ತು ಮಂದಿಯನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತಿದ್ದವಂತೆ. ಇಂದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಆಚೆ ದಡದ ಹೂವಿನ ಹಡಗಲಿಯ ಹೆಸರಿನಲ್ಲೇ ಹಡಗು ಇದೆ. ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹೂವು ದೋಣಿಗಳಲ್ಲಿ ರಾಜಧಾನಿಗೆ ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರವೂ ಇದೇ ನದಿಯ ಮೇಲ್ದಂಡೆಯಲ್ಲಿ, ಹಾವೇರಿ ಜಿಲ್ಲೆಯಲ್ಲಿದೆ.

ಹರಿಗೋಲಿಗೆ ಅಂದಚೆಂದದ ಚಿಂತೆಯಿಲ್ಲ. ಹೊದಿಕೆ ಹರಿದರೆ ಬದಲಿಸಿದರಾಯಿತು. ಹಲಗೆ ಜೋಡಿಸಿ ಕಟ್ಟಿದ ದೋಣಿಯ ಸಂಗತಿ ಬೇರೆ. ಅಲ್ಲಿ ಹಲಗೆಯೇ ಎಲುಬು, ಹಲಗೆಯೇ ಚರ್ಮ. ಈ ವಿದ್ಯೆ ಕರಾವಳಿಯಲ್ಲಿ ಸಮೃದ್ಧವಾಗಿ ಬೆಳೆದಿದೆ. ಅಲ್ಲಿಂದ ಕಲಿಯಬೇಕಾದದ್ದು ಬಹಳ ಇದ್ದರೂ, ಅಲ್ಲಿನ ಎಲ್ಲ ಪಾಠಗಳೂ ಬಯಲುಸೀಮೆಗೆ ಹೊಂದುವುದಿಲ್ಲ. ಕಡಲಿನಲ್ಲಿ ಕಟ್ಟಿಗೆಯ ದೊಡ್ಡ ಶತ್ರು ನೀರಿನಡಿಯ ಕೊರೆಹುಳು. ಉಪ್ಪುನೀರಿನ ಆ ಹುಳು ತುಂಗಭದ್ರೆಯಲ್ಲಿಲ್ಲ. ಇಲ್ಲಿನ ಶತ್ರುಗಳು ಮೂರು: ಮಳೆನೀರು ನಿಂತಲ್ಲಿ ಬೆಳೆಯುವ ಕೊಳೆಶಿಲೀಂಧ್ರ, ದಡದಲ್ಲಿ ಮಗುಚಿಟ್ಟ ದೋಣಿಗೆ ಮಣ್ಣಿನಿಂದ ಏರುವ ಗೆದ್ದಲು ಮತ್ತು ಏಪ್ರಿಲ್-ಮೇ ತಿಂಗಳ ಬಿಸಿಲು.

ಉಪ್ಪು ಕೊಳೆಯನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ, ಸಿಹಿನೀರು ತಡೆಯುವುದಿಲ್ಲ. ಹೀಗಾಗಿ ಹೊಳೆಯ ದೋಣಿಯಲ್ಲಿ ಸದಾ ನೀರಿನೊಳಗೆ ಮುಳುಗಿರುವ ತಳಕ್ಕಿಂತ ಮೇಲಂಚು, ಮೂಲೆಗಳು, ಕೂರುವ ಹಲಗೆಯ ಅಡಿಭಾಗ ಮೊದಲು ಕೊಳೆಯುವುದುಂಟು. ಪೂರ್ತಿ ನೆನೆದ ಕಟ್ಟಿಗೆಯಲ್ಲಿ ಶಿಲೀಂಧ್ರಕ್ಕೆ ಗಾಳಿ ಸಾಲದು, ಪೂರ್ತಿ ಒಣಗಿದ ಕಟ್ಟಿಗೆಯಲ್ಲಿ ನೀರು ಸಾಲದು. ನೆನೆದು ಆರುವ ಜಾಗವೇ ಅದಕ್ಕೆ ಪ್ರಿಯ. ಕಟ್ಟಿಗೆಯ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆ ಬೆಳೆಯಲಾರದು ಎಂಬುದು ಮರವಿಜ್ಞಾನದ ಮೊದಲ ಪಾಠ.

ಮೊದಲು ಪರೀಕ್ಷೆ, ಆಮೇಲೆ ಪಾಲಿಶ್

ದೋಣಿಯನ್ನು ದಡಕ್ಕೆಳೆದು, ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲು ಅಥವಾ ಇಟ್ಟಿಗೆಗಳ ಮೇಲೆ ಮಗುಚಿ ನೆರಳಿನಲ್ಲಿ ಇಡಬೇಕು. ಪಾಚಿ ಮತ್ತು ಮಣ್ಣನ್ನು ತೊಳೆದು ಕೆಲವು ದಿನ ಆರಲು ಬಿಡಬೇಕು. ಬಳಿಕ ಮಾಡಬೇಕಾದ ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಕಿಲ್ಲ.

ಮೊದಲನೆಯದು ದಬ್ಬಳದ ಪರೀಕ್ಷೆ. ಗೋಣಿಚೀಲ ಹೊಲಿಯುವ ದಬ್ಬಳ ಅಥವಾ ಮೊನಚಾದ ಯಾವುದೇ ಉಕ್ಕಿನ ಕಡ್ಡಿಯನ್ನು ಕಲೆಯಿರುವ ಜಾಗದಲ್ಲಿ ಒತ್ತಬೇಕು. ಗಟ್ಟಿ ಕಟ್ಟಿಗೆ ಮೊನೆಯನ್ನು ತಡೆಯುತ್ತದೆ. ಹೊರತೆಗೆಯುವಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೊಳೆತ ಕಟ್ಟಿಗೆಯೊಳಗೆ ಮೊನೆ ಸಲೀಸಾಗಿ ಇಳಿಯುತ್ತದೆ. ಮೊನೆಯಿಂದ ಸಣ್ಣ ಸಿಬಿರೊಂದನ್ನು ಮೀಟಿ ಎಬ್ಬಿಸಿದರೆ, ಆರೋಗ್ಯದ ಕಟ್ಟಿಗೆಯಲ್ಲಿ ಅದು ಉದ್ದ ನಾರಾಗಿ ಸಿಡಿದು ಏಳುತ್ತದೆ. ರೋಗದ ಕಟ್ಟಿಗೆಯಲ್ಲಿ ಸದ್ದಿಲ್ಲದೆ ತುಂಡಾಗಿ ಮುರಿಯುತ್ತದೆ.

ಎರಡನೆಯದು ಕಿವಿಯ ಪರೀಕ್ಷೆ. ಕೊಡತಿಯ ಹಿಡಿಯಿಂದ ಹಲಗೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಬೇಕು. ಸದ್ದು ಒಂದೇ ಸಮ ಕಣಕಣಿಸುತ್ತಿದ್ದುದು ಎಲ್ಲಾದರೂ ಮೊದ್ದಾದರೆ ಅಲ್ಲಿ ಸುಣ್ಣದಕಡ್ಡಿಯಿಂದ ಗುರುತು ಹಾಕಬೇಕು. ಪ್ಲೈವುಡ್ ದೋಣಿಯಲ್ಲಿ ಮೊದ್ದು ಸದ್ದೆಂದರೆ ಪದರಗಳು ಒಂದನ್ನೊಂದು ಬಿಟ್ಟಿವೆ ಎಂದರ್ಥ. ಬಣ್ಣದ ಮೇಲೆ ಕಾಣುವ ಉಬ್ಬು ಅಲ್ಲಿ ಬಣ್ಣದ ದೋಷವಲ್ಲ, ಹಲಗೆಯದೇ ದೋಷ.

ಮೂರನೆಯದು ತೇವದ ಪರೀಕ್ಷೆ. ಬಣ್ಣ ಕೆರೆದ ಬರಿಯ ಕಟ್ಟಿಗೆಯ ಮೇಲೆ ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ ಒಂದು ದಿನ ಬಿಡಬೇಕು. ಒಳಮೈಯಲ್ಲಿ ಹನಿ ಕಟ್ಟಿದರೆ ಕಟ್ಟಿಗೆ ಇನ್ನೂ ಹಸಿಯಾಗಿದೆ. ಹಸಿ ಕಟ್ಟಿಗೆಗೆ ಬಣ್ಣ ಬಳಿದರೆ ತೇವ ಒಳಗೇ ಸೆರೆಯಾಗಿ ಬೊಬ್ಬೆಯೂ ಏಳುತ್ತದೆ, ಕೊಳೆಯೂ ಹಬ್ಬುತ್ತದೆ.

ಇಷ್ಟಾದ ಮೇಲೆ ಕಲೆಗಳನ್ನು ಎರಡು ಗುಂಪು ಮಾಡಬಹುದು. ಮೇಲ್ಮೈಯ ಗೀರು, ಆಳವಿಲ್ಲದ ನೆಗ್ಗು, ನಾರಿನುದ್ದಕ್ಕೆ ಬಿದ್ದ ಕೂದಲೆಳೆಯ ಸೀಳು, ಮೊಳೆಯ ಸುತ್ತಲಿನ ಕಪ್ಪು, ಬಣ್ಣ-ವಾರ್ನಿಶ್‌ನ ತಪ್ಪುಗಳು ಅಂದಕ್ಕೆ ಸಂಬಂಧಿಸಿದವು. ಮೆತ್ತಗಾದ ಜಾಗ, ಹಲಗೆಯ ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿದ ಬಿರುಕು, ಅಲುಗಾಡುವ ಮೊಳೆ, ಪಕ್ಕೆಲುಬಿನಿಂದ ದೂರ ಸರಿದ ಹಲಗೆ, ಪದರ ಬಿಟ್ಟ ಪ್ಲೈವುಡ್, ಮಣ್ಣಿನ ಸಣ್ಣ ಗೆರೆಗಳಂತೆ ಕಾಣುವ ಗೆದ್ದಲಿನ ಜಾಡು ಇವು ಎರಡನೆಯ ಗುಂಪಿಗೆ ಸೇರುತ್ತವೆ. ಎರಡನೆಯ ಗುಂಪಿನ ಯಾವುದಕ್ಕೂ ಪುಟ್ಟಿ ಮದ್ದಲ್ಲ. ಕೆಟ್ಟ ಭಾಗವನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಬೇಕು. ಅದು ಬಡಿಗನ ಕೆಲಸವೇ ಹೊರತು ಬಣ್ಣಗಾರನ ಕೆಲಸವಲ್ಲ.

ಒಣಹವೆ ಮತ್ತು ಬಾಯ್ಬಿಟ್ಟ ಸಂದುಗಳು

ಬೇಸಿಗೆಯಲ್ಲಿ ದಡಕ್ಕೆ ಬಂದ ದೋಣಿಯ ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟುಕೊಳ್ಳುವುದುಂಟು. ಇದನ್ನು ಕಂಡು ಗಾಬರಿಗೊಂಡು ಸಂದುಗಳಿಗೆಲ್ಲ ಗಟ್ಟಿಯಾಗುವ ಪುಟ್ಟಿ ಮೆತ್ತುವವರಿದ್ದಾರೆ. ದೋಣಿಗೆ ಮಾಡಬಹುದಾದ ದೊಡ್ಡ ಅಪಚಾರಗಳಲ್ಲಿ ಇದೂ ಒಂದು.

ಕಾರಣ ಸರಳವಾಗಿದೆ. ಕಟ್ಟಿಗೆ ಒಣಗಿದಾಗ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಮರದ ವರ್ಷವರ್ತುಲಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗಿಂತ ಸುಮಾರು ಎರಡು ಪಟ್ಟು. ಎರೆನಾಡಿನ ಬೇಸಿಗೆಯ ಒಣಗಾಳಿಯಲ್ಲಿ ಹಲಗೆ ಕಿರಿದಾಗುತ್ತದೆ, ಸಂದು ಹಿಗ್ಗುತ್ತದೆ. ಅದೇ ದೋಣಿ ನೀರಿಗಿಳಿದು ಒಂದೆರಡು ದಿನ ಕಳೆದರೆ ಹಲಗೆಗಳು ಉಬ್ಬಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಸಂದಿನಲ್ಲಿ ಕಲ್ಲಿನಂಥ ಪುಟ್ಟಿ ಕುಳಿತಿದ್ದರೆ ಉಬ್ಬುವ ಹಲಗೆಗೆ ಜಾಗ ಸಿಗುವುದಿಲ್ಲ. ಆಗ ಪುಟ್ಟಿ ಹೊರಗೆ ಚಿಮ್ಮಬೇಕು, ಇಲ್ಲವೇ ಹಲಗೆಯ ಅಂಚು ಜಜ್ಜಬೇಕು, ಇಲ್ಲವೇ ಮೊಳೆ ಕಿತ್ತುಬರಬೇಕು. ಅಂದಕ್ಕಾಗಿ ಮಾಡಿದ ಕೆಲಸ ಗಟ್ಟಿತನಕ್ಕೇ ಮುಳುವಾಗುತ್ತದೆ.

ಆದ್ದರಿಂದ ಹಲಗೆ ಜೋಡಣೆಯ ದೋಣಿಯ ಸಂದಿಗೆ ತುಂಬುವ ವಸ್ತು ಒತ್ತಿದರೆ ಒತ್ತಿಕೊಳ್ಳುವಂತಿರಬೇಕು. ಹತ್ತಿಯ ದಾರದ ಹುರಿಯನ್ನು ಮೊಂಡು ಉಳಿಯಿಂದ ಮೆಲ್ಲಗೆ ತುರುಕಿ, ಮೇಲೆ ರಾಳ ಮತ್ತು ಎಣ್ಣೆ ಬೆರೆಸಿದ ಮೆತುವಾದ ಲೇಪ ಕೊಡುವುದು ಹಳೆಯ ಪದ್ಧತಿ. ಹತ್ತಿಗೆ ಹೆಸರಾದ ಗದಗ ಸೀಮೆಯಲ್ಲಿ ಈ ಸಾಮಗ್ರಿಗೆ ಕೊರತೆಯಾಗಬಾರದು. ಹುರಿಯನ್ನು ಬಲವಾಗಿ ಬಡಿದು ತುಂಬಬಾರದು. ಹಲಗೆ ಉಬ್ಬಲು ಎಡೆ ಉಳಿಯಬೇಕು. ಬೇಸಿಗೆಯುದ್ದಕ್ಕೂ ದೋಣಿಯನ್ನು ನೆರಳಿನಲ್ಲಿಟ್ಟು ಆಗಾಗ ಒದ್ದೆ ಗೋಣಿಚೀಲ ಹೊದಿಸುವುದು ಇದಕ್ಕಿಂತಲೂ ಉತ್ತಮ ಉಪಾಯ. ಬಿಳಿ ಅಥವಾ ತೆಳು ಬೂದು ಬಣ್ಣದ ದೋಣಿ ಕಡುನೀಲಿ, ಕಪ್ಪು ಬಣ್ಣದ್ದಕ್ಕಿಂತ ಬಿಸಿಲಿನಲ್ಲಿ ಕಡಿಮೆ ಕಾಯುತ್ತದೆ, ಕಡಿಮೆ ಬಿರಿಯುತ್ತದೆ.

ಪ್ಲೈವುಡ್ ದೋಣಿಯ ಲೆಕ್ಕ ಬೇರೆ. ಅದರಲ್ಲಿ ಒಂದರ ಮೇಲೊಂದು ಅಡ್ಡಡ್ಡ ಪದರಗಳಿರುವುದರಿಂದ ಹಿಗ್ಗು ಕುಗ್ಗು ತೀರ ಕಡಿಮೆ. ಎಪಾಕ್ಸಿಯಂತಹ ಗಟ್ಟಿ ಅಂಟು ಅಲ್ಲಿ ಹೊಂದುತ್ತದೆ. ಆದರೆ ಹಾಳೆ ಕೊಳ್ಳುವಾಗಲೇ ಭಾರತೀಯ ಮಾನಕ ಐಎಸ್ 710ರ ಗುರುತನ್ನು ನೋಡಬೇಕು. ಇದು ಜಲಯಾನದ ಪ್ಲೈವುಡ್‌ಗಾಗಿ ಇರುವ ಮಾನಕ. 72 ಗಂಟೆ ಕುದಿವ ನೀರಿನಲ್ಲಿಟ್ಟರೂ ಅಂಟು ಬಿಡಬಾರದೆಂಬುದು ಅದರ ಕಟ್ಟಳೆ. ಪೀಠೋಪಕರಣದ ಅಗ್ಗದ ಹಾಳೆಯಿಂದ ಕಟ್ಟಿದ ದೋಣಿಯ ಉಬ್ಬುಗಳನ್ನು ಎಷ್ಟು ತಿದ್ದಿದರೂ ಅವು ಮರಳಿ ಬರುತ್ತವೆ.

ಗೀರು, ನೆಗ್ಗು, ಮೊಳೆಯ ಗುಳಿ

ಮೇಲುಗೀರುಗಳಿಗೆ ಪಾಲಿಶ್ ಕಾಗದವೇ ಸಾಕು. 80ನೇ ನಂಬರಿನಿಂದ ಆರಂಭಿಸಿ 120, 180, 220 ಎಂದು ಕ್ರಮವಾಗಿ ಏರಬೇಕು. ನಡುವಿನ ನಂಬರು ಬಿಟ್ಟು ಹಾರಿದರೆ ಹಿಂದಿನ ಒರಟು ಕಾಗದದ ಗೆರೆಗಳು ಉಳಿದು, ವಾರ್ನಿಶ್ ಬಿದ್ದೊಡನೆ ಎದ್ದು ಕಾಣುತ್ತವೆ. ಉಜ್ಜುವುದು ಯಾವಾಗಲೂ ನಾರಿನ ದಿಕ್ಕಿನಲ್ಲೇ. ಬೆರಳಿನಿಂದ ಒತ್ತಿ ಒಂದೇ ಜಾಗದಲ್ಲಿ ಉಜ್ಜಿದರೆ ಅಲ್ಲಿ ಗುಳಿ ಬೀಳುತ್ತದೆ. ಎರಡು ಅಡಿ ಉದ್ದದ, ಸ್ವಲ್ಪ ಬಾಗುವ ತೆಳು ಪಟ್ಟಿಗೆ ಕಾಗದ ಅಂಟಿಸಿ ಎರಡೂ ಕೈಯಿಂದ ಓಡಿಸಿದರೆ ದೋಣಿಯ ಬಾಗು ಕೆಡದೆ ಉಬ್ಬು ಮಾತ್ರ ಸವೆಯುತ್ತದೆ. ಮೈಮೇಲೆ ಮೊದಲೇ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಿಕೊಂಡರೆ ತಗ್ಗು ಎಲ್ಲಿದೆಯೆಂದು ತಿಳಿಯುತ್ತದೆ. ಗೀಚು ಅಳಿಯದೆ ಉಳಿದ ಜಾಗವೇ ತಗ್ಗು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿದರೆ, ಹಗಲಿನಲ್ಲಿ ಕಾಣದ ಏರುಪೇರುಗಳು ನೆರಳು ಚೆಲ್ಲಿ ಪತ್ತೆಯಾಗುತ್ತವೆ.

ನೆಗ್ಗಿಗೆ ಇನ್ನೊಂದು ದಾರಿಯಿದೆ. ಕಲ್ಲು ಬಡಿದು ನೆಗ್ಗಿದಾಗ ಕಟ್ಟಿಗೆಯ ನಾರು ತುಂಡಾಗಿರದಿದ್ದರೆ ಅದು ಬರಿದೆ ಒತ್ತಿಕೊಂಡಿರುತ್ತದೆ. ಆ ಜಾಗದ ಬಣ್ಣವನ್ನು ಕೆರೆದು, ಒದ್ದೆ ಬಟ್ಟೆ ಹಾಸಿ, ಮೇಲೆ ಕಾದ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿದರೆ ಹಬೆಯಿಂದ ನಾರು ಉಬ್ಬಿ ಮಟ್ಟಕ್ಕೆ ಬರುತ್ತದೆ. ಎರಡು ಮೂರು ಬಾರಿ ಮಾಡಬೇಕಾಗಬಹುದು. ಚೆನ್ನಾಗಿ ಆರಿದ ಮೇಲಷ್ಟೇ ಉಜ್ಜಬೇಕು. ನಾರು ಕತ್ತರಿಸಿಹೋಗಿದ್ದರೆ ಈ ಉಪಾಯ ನಡೆಯದು. ಆಗ ಗುಳಿಯನ್ನು ಉಳಿಯಿಂದ ಓರೆಚೌಕವಾಗಿ ಕೆತ್ತಿ, ಅದೇ ಜಾತಿಯ ಕಟ್ಟಿಗೆಯ ತೇಪೆಯನ್ನು ನಾರಿನ ದಿಕ್ಕು ಕೂಡುವಂತೆ ಕೂರಿಸಿ, ಅಂಟಿಸಿ, ಆರಿದ ಬಳಿಕ ಕೀಸುಳಿಯಿಂದ ಮಟ್ಟ ಮಾಡಬೇಕು. ಸಾಗವಾನಿಗೆ ಸಾಗವಾನಿ, ಮತ್ತಿಗೆ ಮತ್ತಿ. ಬೇರೆ ಜಾತಿಯದಾದರೆ ಹಿಗ್ಗು ಕುಗ್ಗು ಬೇರೆಯಾಗಿ ಮುಂದಿನ ಬೇಸಿಗೆಗೆ ತೇಪೆಯ ಅಂಚು ಬಿಡುತ್ತದೆ.

ಮೊಳೆಯ ತಲೆ ಮುಚ್ಚಲು ಕಟ್ಟಿಗೆಯ ಬಿರಡೆ ಉತ್ತಮ. ಅದರ ನಾರೂ ಹಲಗೆಯ ನಾರಿನೊಂದಿಗೆ ಸಾಲಾಗಿರಬೇಕು. ಹೊರಚಾಚಿದ ಬಿರಡೆಯನ್ನು ಒಂದೇ ಏಟಿಗೆ ಕತ್ತರಿಸಬಾರದು. ಮೊದಲು ಸ್ವಲ್ಪ ಮೇಲೆ ಕತ್ತರಿಸಿ, ನಾರು ಯಾವ ಕಡೆ ಇಳಿಯುತ್ತದೆಂದು ನೋಡಿಕೊಂಡು ಮಟ್ಟಕ್ಕೆ ತರಬೇಕು. ಇಲ್ಲವಾದರೆ ಬಿರಡೆ ಗುಳಿಯೊಳಕ್ಕೇ ಸೀಳಿ ಹೋಗುತ್ತದೆ.

ಮೊಳೆಯ ಸುತ್ತ ಕಪ್ಪು ಏಕೆ?

ಕಬ್ಬಿಣದ ಮೊಳೆಯ ಸುತ್ತ ಹರಡುವ ಕಪ್ಪುಕಲೆಯನ್ನು ಹಲವರು ಕೊಳೆಯೆಂದೇ ಭಾವಿಸುತ್ತಾರೆ. ಬಹಳಷ್ಟು ಸಲ ಅದು ಕೊಳೆಯಲ್ಲ, ಶಾಯಿ! ಜಾಲಿ, ಮತ್ತಿಯಂತಹ ಮರಗಳಲ್ಲಿ ಒಗರು ಸತ್ವ ಹೆಚ್ಚು. ಜಾಲಿಯ ತೊಗಟೆಯಿಂದ ತೊಗಲು ಹದಮಾಡುತ್ತಿದ್ದುದು ಇದೇ ಸತ್ವದ ಬಲದಿಂದ. ಒಗರು, ಕಬ್ಬಿಣ ಮತ್ತು ನೀರು ಸೇರಿದರೆ ಕಡುಗಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ತಯಾರಿಸುತ್ತಿದ್ದುದೂ ಇದೇ ಕ್ರಿಯೆಯಿಂದಲೇ.

ಬಣ್ಣ ಕೆರೆದ ಕಟ್ಟಿಗೆಯ ಮೇಲಿನ ಈ ಕಪ್ಪನ್ನು ಆಕ್ಸಾಲಿಕ್ ಆಮ್ಲ ತೆಗೆಯುತ್ತದೆ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಹರಳು ಕರಗಿಸಿ, ಬ್ರಷ್‌ನಿಂದ ಹಚ್ಚಿ, ಕಲೆ ತಿಳಿಯಾದ ಮೇಲೆ ಹೇರಳ ನೀರಿನಿಂದ ಹಲವು ಬಾರಿ ತೊಳೆಯಬೇಕು. ಇದು ವಿಷವಸ್ತು. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಮಕ್ಕಳ ಕೈಗೆ, ದನಕರುಗಳ ಬಾಯಿಗೆ ಸಿಗದಂತೆ ಇಡಬೇಕು. ಸರಿಯಾಗಿ ತೊಳೆಯದೆ ಒಣಗಿದ ಹರಳನ್ನು ಉಜ್ಜಿದರೆ ಅದರ ಧೂಳು ಮೂಗು ಗಂಟಲನ್ನು ಸುಡುತ್ತದೆ.

ಆದರೆ ಕಲೆ ಹೋಯಿತೆಂದು ಕಾರಣ ಹೋಗಲಿಲ್ಲ. ಕಪ್ಪು ಹರಡಿದೆ ಎಂದರೆ ನೀರು ಮೊಳೆಯವರೆಗೆ ತಲುಪಿದೆ, ಕಬ್ಬಿಣ ತುಕ್ಕು ಹಿಡಿಯುತ್ತಿದೆ ಎಂಬ ಸುದ್ದಿ. ಮೊಳೆ ಸವೆದಿದ್ದರೆ ತೆಗೆದು ತಾಮ್ರದ್ದೋ ಸ್ಟೇನ್‌ಲೆಸ್ ಉಕ್ಕಿನದೋ ಹಾಕಬೇಕು. ಸುದ್ದಿಯನ್ನು ಅಳಿಸಿ ಮೊಳೆಯನ್ನು ಹಾಗೆಯೇ ಬಿಡುವುದು ಜಾಣತನವಲ್ಲ.

ಯಾವ ಅಂಟು, ಯಾವ ಪುಟ್ಟಿ?

ಅಂಗಡಿಯಲ್ಲಿ ಸಿಗುವ ಎಲ್ಲ ಪುಟ್ಟಿಯೂ ದೋಣಿಗೆ ಆಗುವುದಿಲ್ಲ. ಗೋಡೆಗೆ ಬಳಸುವ ಬಿಳಿ ಪುಟ್ಟಿ ಕಟ್ಟಿಗೆಯ ಮೇಲೆ ನಿಲ್ಲದು. ಮೋಟಾರು ವಾಹನದ ಮೈ ತಿದ್ದುವ ಪುಟ್ಟಿ ಬೇಗ ಒಣಗಿ ಸುಲಭವಾಗಿ ಉಜ್ಜಲು ಬರುವುದರಿಂದ ಜನಪ್ರಿಯ. ಆದರೆ ಅದು ನೀರು ಹೀರುತ್ತದೆ, ನೀರಿನ ಮಟ್ಟದ ಕೆಳಗೆ ಬಳಸಲು ಯೋಗ್ಯವಲ್ಲ. ಪೀಠೋಪಕರಣದ ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುತ್ತದೆ. ನೀರಿನಲ್ಲಿ ಬಾಳುವುದು ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ. ಅದಕ್ಕೆ ನುಣ್ಣನೆಯ ಮರದಪುಡಿ ಬೆರೆಸಿ ಗಟ್ಟಿ ಹಿಟ್ಟಿನಂತೆ ಮಾಡಿಕೊಂಡರೆ ಗುಳಿ ತುಂಬಬಹುದು. ಈ ಮಿಶ್ರಣ ಆರಿದ ಮೇಲೆ ಕಟ್ಟಿಗೆಗಿಂತ ಕಪ್ಪಾಗಿ ಕಾಣುವುದರಿಂದ ವಾರ್ನಿಶ್ ಹೊಡೆಯುವ ದೋಣಿಗಿಂತ ಬಣ್ಣ ಬಳಿಯುವ ದೋಣಿಗೆ ಹೆಚ್ಚು ಹೊಂದುತ್ತದೆ.

ಎಪಾಕ್ಸಿಯ ಎರಡು ಭಾಗಗಳ ಪ್ರಮಾಣವನ್ನು ಡಬ್ಬಿಯ ಮೇಲೆ ಬರೆದಂತೆಯೇ ಅಳೆಯಬೇಕು. ಬೇಗ ಗಟ್ಟಿಯಾಗಲೆಂದು ಎರಡನೆಯ ಭಾಗವನ್ನು ಹೆಚ್ಚು ಹಾಕಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದು. ಬೇಸಿಗೆಯಲ್ಲಿ ಒಮ್ಮೆಗೇ ದೊಡ್ಡ ಪಾತ್ರೆಯಲ್ಲಿ ಕಲಸಿದರೆ ಅದು ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯೇಳಬಹುದು. ಸ್ವಲ್ಪ ಸ್ವಲ್ಪವೇ ಅಗಲವಾದ ತಟ್ಟೆಯಲ್ಲಿ ಕಲಸುವುದು ಕ್ಷೇಮ. ಗಟ್ಟಿಯಾದ ಮೇಲೆ ಕೆಲವೊಮ್ಮೆ ಮೇಣದಂತಹ ಜಿಡ್ಡುಪೊರೆ ಮೂಡುತ್ತದೆ. ಅದನ್ನು ನೀರು ಮತ್ತು ಬಟ್ಟೆಯಿಂದ ತೊಳೆದ ಬಳಿಕವೇ ಉಜ್ಜಬೇಕು; ಹಾಗೆಯೇ ಉಜ್ಜಿದರೆ ಜಿಡ್ಡು ಒಳಸೇರಿ ಬಣ್ಣ ಹಿಡಿಯುವುದಿಲ್ಲ. ಎಪಾಕ್ಸಿಗೆ ಬಿಸಿಲು ಆಗದು. ಮೇಲೆ ಬಣ್ಣವನ್ನಾಗಲಿ, ಬಿಸಿಲು ತಡೆವ ವಾರ್ನಿಶ್ ಅನ್ನಾಗಲಿ ಕೊಡದಿದ್ದರೆ ಅದು ಹಳದಿಯಾಗಿ, ಪುಡಿಯಾಗಿ ಉದುರುತ್ತದೆ.

ಎಣ್ಣೆಯನ್ನೇ ನೆಚ್ಚುವವರು ಎಣ್ಣೆಯ ಗುಣವನ್ನರಿಯಬೇಕು. ಎಲ್ಲ ಎಣ್ಣೆಯೂ ಒಣಗುವುದಿಲ್ಲ. ಶೇಂಗಾ ಎಣ್ಣೆ ಹಚ್ಚಿದರೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಪೊರೆಗಟ್ಟುತ್ತದೆ. ಕುಸುಬೆ ಎಣ್ಣೆಗೂ ಈ ಗುಣ ಸ್ವಲ್ಪಮಟ್ಟಿಗೆ ಇದೆ. ಎರಡೂ ಎರೆನಾಡಿನ ಬೆಳೆಗಳೇ. ಆದರೆ ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಬಣ್ಣದ ತಪ್ಪುಗಳು, ಅವುಗಳ ತಿದ್ದುಪಡಿ

ಮೇಲಿನ ಪೊರೆಯ ದೋಷಗಳು ನೋಡಲು ಕೆಟ್ಟವು, ತಿದ್ದಲು ಸುಲಭವಾದವು. ಬಣ್ಣ ಇಳಿದು ಹನಿಗಟ್ಟಿದ್ದರೆ ಹಸಿಯಿರುವಾಗ ಮುಟ್ಟಬಾರದು. ಪೂರ್ತಿ ಗಟ್ಟಿಯಾದ ಮೇಲೆ ಹರಿತ ಅಲಗಿನಿಂದ ಕೆತ್ತಿ, 320ನೇ ನಂಬರಿನ ಕಾಗದದಿಂದ ಉಜ್ಜಿ ಇನ್ನೊಂದು ತೆಳು ಲೇಪ ಕೊಡಬೇಕು. ಸುಕ್ಕುಗಟ್ಟಿದ್ದರೆ ಲೇಪ ದಪ್ಪವಾಗಿದೆ ಅಥವಾ ನೇರ ಬಿಸಿಲಿನಲ್ಲಿ ಬಳಿಯಲಾಗಿದೆ. ಸುಕ್ಕಿನ ಭಾಗವನ್ನು ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಮೀನಿನ ಕಣ್ಣಿನಂತಹ ಸಣ್ಣ ಗುಂಡು ಗುಳಿಗಳು ಮೂಡಿದರೆ ಮೈಮೇಲೆ ಎಣ್ಣೆಯ ಪಸೆಯಿತ್ತೆಂದು ತಿಳಿಯಬೇಕು. ತಿನ್ನರ್‌ನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ ಮತ್ತೆ ಬಳಿಯಬೇಕು. ವಾರ್ನಿಶ್ ಹಾಲಿನಂತೆ ಬೆಳ್ಳಗಾದರೆ ಕಾರಣ ತೇವ. ಮಳೆಗಾಲದ ಸಂಜೆ ಅಥವಾ ಇಬ್ಬನಿಯ ಮುಂಜಾವು ಈ ಕೆಲಸಕ್ಕೆ ಸಲ್ಲದು.

ನಮ್ಮ ಸೀಮೆಯಲ್ಲಿ ಹಿಂಗಾರು ಮಳೆ ನಿಂತು, ಕಡುಬಿಸಿಲು ಬರುವ ಮುನ್ನಿನ ತಿಂಗಳುಗಳು ಬಣ್ಣಕ್ಕೆ ಪ್ರಶಸ್ತ. ಇಬ್ಬನಿ ಆರಿದ ಬಳಿಕ ಆರಂಭಿಸಿ ಮಧ್ಯಾಹ್ನಕ್ಕೆ ಮುಗಿಸಿದರೆ ಸಂಜೆಯೊಳಗೆ ಪೊರೆ ಕಟ್ಟುತ್ತದೆ. ಗಾಳಿ ಬಿರುಸಾದ ಮುಂಗಾರಿನ ಆರಂಭದಲ್ಲಿ ಎರೆಮಣ್ಣಿನ ಧೂಳು ಹಸಿ ಬಣ್ಣಕ್ಕೆ ಅಂಟುತ್ತದೆ. ಕೆಲಸದ ಜಾಗದ ನೆಲಕ್ಕೆ ಮೊದಲೇ ನೀರು ಚಿಮುಕಿಸಿಕೊಂಡರೆ ಒಳ್ಳೆಯದು. ವಾರ್ನಿಶ್‌ನ ಮೊದಲ ಲೇಪವನ್ನು ಅರ್ಧದಷ್ಟು ತೆಳು ಮಾಡಿ ಕಟ್ಟಿಗೆಯೊಳಗೆ ಇಳಿಯಲು ಬಿಟ್ಟು, ಮುಂದಿನವನ್ನು ಕ್ರಮೇಣ ಗಟ್ಟಿ ಮಾಡುತ್ತ ಒಟ್ಟು ಐದಾರು ಲೇಪ ಕೊಡಬೇಕು. ಪ್ರತಿಯೊಂದರ ನಡುವೆ ಹಗುರವಾಗಿ ಉಜ್ಜಿ ಧೂಳು ಒರೆಸಬೇಕು. ಹಲಗೆಯ ತುದಿಗಳು ನೀರನ್ನು ಹುಲ್ಲಿನ ಕೊಳವೆಯಂತೆ ಹೀರುವುದರಿಂದ ಅಲ್ಲಿ ಇನ್ನೂ ಒಂದೆರಡು ಲೇಪ ಹೆಚ್ಚಿರಲಿ.

ಕೆರೆದ ಧೂಳು ಹೋಗುವುದೆಲ್ಲಿಗೆ?

ಇದು ದೋಣಿಯವನೊಬ್ಬನ ಪ್ರಶ್ನೆಯಲ್ಲ. ಗದಗ-ಬೆಟಗೇರಿ ಅವಳಿ ನಗರದ ನಲ್ಲಿಗಳಿಗೆ ಬರುವುದೂ ಇದೇ ತುಂಗಭದ್ರೆಯ ನೀರು. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಭಾರತದಲ್ಲಿ ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಬಂದು 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಬಣ್ಣದ ಪದರವನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಕೆಲಸಗಾರನ ಶ್ವಾಸಕೋಶಕ್ಕೂ, ಅಂಗಳದಲ್ಲಿ ಆಡುವ ಮಕ್ಕಳ ಬಾಯಿಗೂ ಸೇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ.

ಆದ್ದರಿಂದ ಹಳೆಯ ಬಣ್ಣವನ್ನು ನೀರು ಚಿಮುಕಿಸಿ, ನೀರು ತಡೆಯುವ ಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಸುಟ್ಟು ತೆಗೆಯಬಾರದು. ಮೂಗಿಗೆ ಬಟ್ಟೆಯಲ್ಲ, ಸೂಕ್ಷ್ಮ ಧೂಳು ತಡೆವ ಮುಖಗವಸು ಬೇಕು. ಕೆಳಗೆ ತಾಡಪಾಲು ಹಾಸಿ ಬಿದ್ದದ್ದನ್ನೆಲ್ಲ ಕೂಡಿಸಿ, ಮುಚ್ಚಿದ ಡಬ್ಬಿಯಲ್ಲಿ ತುಂಬಿ, ಸ್ಥಳೀಯ ಆಡಳಿತದ ಅಪಾಯಕಾರಿ ಕಸದೊಂದಿಗೆ ಒಪ್ಪಿಸಬೇಕು. ಈ ಕೆಲಸವನ್ನು ನದಿಯ ಅಂಚಿನಲ್ಲಾಗಲಿ, ಕೆರೆಯ ದಂಡೆಯಲ್ಲಾಗಲಿ ಮಾಡಕೂಡದು. ಚಳಿಗಾಲದಲ್ಲಿ ದೂರದಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ, 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾದ ಮಾಗಡಿ ಕೆರೆ ಇರುವುದೂ ಇದೇ ಶಿರಹಟ್ಟಿ-ಲಕ್ಷ್ಮೇಶ್ವರ ಸೀಮೆಯಲ್ಲಿ ಎಂಬುದನ್ನು ನೆನೆಯಬೇಕು.

ಹೊಸ ಬಣ್ಣದ ದೋಣಿ ಕೊಳ್ಳುವವರಿಗೆ

ಹಳೆಯ ದೋಣಿಯನ್ನು ಕೊಳ್ಳಲು ಹೋದಾಗ ಅದು ಅಂದೇ ಬಣ್ಣ ಕಂಡಂತೆ ಹೊಳೆಯುತ್ತಿದ್ದರೆ ಸಂತೋಷಕ್ಕಿಂತ ಸಂಶಯ ಮೊದಲು ಬರಬೇಕು. ಒಳಮೈಯಲ್ಲಿ, ಕೂರುಹಲಗೆಯ ಅಡಿಯಲ್ಲಿ, ಮೂಲೆಗಳಲ್ಲಿ ದಬ್ಬಳ ಒತ್ತಿ ನೋಡಲು ಮಾರುವವನು ಬಿಡದಿದ್ದರೆ ಆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಲೇಸು. ಇಂಥ ದೋಣಿಯಲ್ಲಿ ಕೂರುವವರು ಕೊಂಡವರಷ್ಟೇ ಅಲ್ಲ. ಆಚೆ ದಡದ ಹೊಲಕ್ಕೆ ಕೂಲಿಗೆ ಹೋಗುವವರು, ಜಾತ್ರೆಗೆ ದಾಟುವವರು, ಶಾಲೆಯ ಮಕ್ಕಳೂ ಆಗಿರಬಹುದು. 1917ರ ಹಳೆಯ ಕಾನೂನಿನ ಬದಲಿಗೆ ಬಂದ 2021ರ ಒಳನಾಡು ಹಡಗು ಕಾಯಿದೆ ಯಂತ್ರವಿಲ್ಲದ ದೋಣಿಗಳನ್ನೂ ತನ್ನ ಗಮನಕ್ಕೆ ತೆಗೆದುಕೊಂಡಿದೆ. ಆದರೆ ಹಳ್ಳಿಯ ಕಡವಿನಲ್ಲಿ ಮೊದಲ ತಪಾಸಣಾಧಿಕಾರಿ ದೋಣಿಯ ಒಡೆಯನೇ.

ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಣ್ಣ ಮೀನುಗಾರರಿಗಾಗಿ ರಬ್ಬರ್ ಮರದಂತಹ ಅಗ್ಗದ ಕಟ್ಟಿಗೆಯಿಂದ ದೋಣಿ ಕಟ್ಟುವ ಪ್ರಯೋಗಗಳನ್ನು ನಡೆಸಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಕಟ್ಟಿಗೆಯ ರಕ್ಷಣೆಯ ಕುರಿತು ದೀರ್ಘಕಾಲ ಸಂಶೋಧನೆ ಮಾಡಿದೆ. ಇಂಥ ಪ್ರಯೋಗಗಳಿಂದ ಕಲಿಯಬೇಕಾದ ಪಾಠವೊಂದೇ: ಕಟ್ಟಿಗೆಗೆ ಮೊದಲು ರಕ್ಷಣೆ ಬೇಕು, ಅಲಂಕಾರ ಆಮೇಲೆ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಕಲ್ಲು ಶತಮಾನಗಳಿಂದ ಮಳೆ ಬಿಸಿಲು ತಾಳಿ ನಿಂತಿದೆ. ಕಟ್ಟಿಗೆಗೆ ಆ ಭಾಗ್ಯವಿಲ್ಲ. ಅದು ವರ್ಷವರ್ಷವೂ ಆರೈಕೆ ಬೇಡುತ್ತದೆ. ದೋಣಿಯ ಮೇಲೆ ಕೆಲವು ಗೀರುಗಳು ಉಳಿದರೆ ನಷ್ಟವಿಲ್ಲ. ಹೊಳೆಯ ಬಂಡೆಗೆ ತಾಗಿದ ಗುರುತು, ಬಲೆಯ ಹಗ್ಗ ಉಜ್ಜಿದ ಜಾಡು ದುಡಿದ ದೋಣಿಗೆ ಶೋಭೆಯೇ. ಪರೀಕ್ಷೆಯಲ್ಲಿ ಗಟ್ಟಿಯೆಂದು ತಿಳಿದ ಹಲಗೆಯ ಮೇಲಿನ ಕಲೆಯನ್ನು ಬಿಡುವು ಸಿಕ್ಕಾಗ ತಿದ್ದಬಹುದು, ತಿದ್ದದೆಯೂ ಇರಬಹುದು. ಮೆತ್ತಗಾದ ಹಲಗೆಯ ವಿಷಯದಲ್ಲಿ ಮಾತ್ರ ಬಿಡುವಿಗಾಗಿ ಕಾಯುವಂತಿಲ್ಲ. ಅದು ದುರಸ್ತಿಯಾಗುವವರೆಗೆ ದೋಣಿ ದಡದಲ್ಲೇ ಇರತಕ್ಕದ್ದು.